ಹದಿನೇಳನೆಯ ನಡೆ

ಸುರಪುರ
14 ಆಗಸ್ಟ್ 2024

ವಿಶ್ವರಾಧ್ಯ ಸರ್ ಅವರಿಗೆ,

ಸಲಾಮು, ಶರಣು ಎಲ್ಲ ಆಮೇಲೆ. ಮೊದಲು ವಿಷಯ.

ಮೊನ್ನೆ ಭಾನುವಾರ ಯಾದಗಿರಿಯ ಜಿಲ್ಲಾ ಚೆಸ್ ಆಯ್ಕೆಯಲ್ಲಿ, ಹದಿನೈದು ವರ್ಷದೊಳಗಿನ ಹುಡುಗಿಯರ ಕೊನೆಯ ಸುತ್ತಿನಲ್ಲಿ, ತೀರ್ಪುಗಾರರಾಗಿದ್ದ ನೀವು ಒಂದು ಆಟವನ್ನು ನಿಲ್ಲಿಸಿದಿರಿ. ಬಿಳಿ ಕಾಯಿಯವಳ ಹತ್ತಿರ ರಾಜ ಮತ್ತು ಆನೆ ಇತ್ತು. ಕರಿ ಕಾಯಿಯವಳ ಹತ್ತಿರ ರಾಜ ಮತ್ತು ಕುದುರೆ. ನೀವು ಮೇಜಿನ ಪಕ್ಕ ನಿಂತು, ನಡೆಗೊಂದು ಬೆರಳು ಮಡಚಿ ಹದಿನಾರರವರೆಗೆ ಎಣಿಸಿದಿರಿ. ಆಮೇಲೆ "ಹದಿನಾರು ಆತು, ಇಬ್ಬರದೂ ಸಮ, ಸಹಿ ಮಾಡ್ರಿ" ಅಂದಿರಿ. ಮಕ್ಕಳು ಸಹಿ ಮಾಡಿದರು. ಸರ್ ಹೇಳಿದ ಮೇಲೆ ಮಕ್ಕಳು ಏನು ಮಾಡುತ್ತಾರೆ?

ಬಿಳಿ ಕಾಯಿ ಆಡಿದವಳು ನನ್ನ ಮಗಳು ಫರ್ಹೀನ್. ಗೆದ್ದಿದ್ದರೆ ಅವಳೇ ಮೊದಲು. ಈಗ ಅರ್ಧ ಅಂಕ ಹಿಂದೆ. ರಾಜ್ಯಕ್ಕೆ ಹೋಗುವುದು ಒಬ್ಬಳೇ, ಆ ಜಾಗ ಎದುರು ಕೂತಿದ್ದ ನಾಗಲಕ್ಷ್ಮಿಗೆ ಹೋಗಿದೆ.

ಯಾವ ಕಾಯಿಯೂ ಹೊಡೆಯದೆ, ಪ್ಯಾದೆ ನಡೆಯದೆ ಇಬ್ಬರೂ ಐವತ್ತೈವತ್ತು ನಡೆ ಆಡಿದರೆ ಮಾತ್ರ ಸಮ ಕೇಳಬಹುದು ಅಂತ ನಿಯಮವಿದೆ. ಐವತ್ತು, ಹದಿನಾರಲ್ಲ. ಜಿಲ್ಲಾ ಸಂಘದವರನ್ನು ಕೇಳಿದೆ. ತೀರ್ಪುಗಾರರು ತಪ್ಪಾಯಿತೆಂದು ಬರೆದುಕೊಟ್ಟರೆ ನಿಲ್ಲಿಸಿದ ಜಾಗದಿಂದಲೇ ಆಟ ಮುಂದುವರಿಸುತ್ತೇವೆ ಅಂದರು. ಹೆಸರು ಕಳಿಸಲು ಸೆಪ್ಟೆಂಬರ್ ಇಪ್ಪತ್ತು ಕೊನೆಯ ದಿನ.

ಬರೆದುಕೊಡಿ.

ನಾನು ಯಾರೆಂದು ನಿಮಗೆ ಗುರುತು ಹತ್ತಲಿಕ್ಕಿಲ್ಲ. ಸುರಪುರದಲ್ಲಿ ನಿಮ್ಮ ತಂದೆಯ ಬಟ್ಟೆ ಅಂಗಡಿಯ ಕಟ್ಟೆ ಮೇಲೆ ಮಿಷನ್ ಇಟ್ಟುಕೊಂಡು ಹೊಲಿಯುತ್ತಿದ್ದ ಖಾಜಾಹುಸೇನನ ಮಗಳು. ನಿಮಗೆ ಚದುರಂಗ ಕಲಿಸಿದ ಖಾಜಾಹುಸೇನ.

ಅನ್ವರಬಿ


ಶಹಾಪುರ
22 ಆಗಸ್ಟ್ 2024

ಸಹೋದರಿ ಅನ್ವರಬಿಗೆ,

ಶರಣು. ಇಷ್ಟು ವರ್ಷದ ಮೇಲೆ ನಿನ್ನ ಅಕ್ಷರ ನೋಡಿ ಸಂತೋಷವಾಯಿತು. ಗುರುತು ಹತ್ತದೆ ಏನು? ಕಟ್ಟೆ ಮೇಲೆ ನಾವು ಎಷ್ಟು ಆಡಿದ್ದೇವೆ. ಫರ್ಹೀನ್ ನಿನ್ನ ಮಗಳೆಂದು ಗೊತ್ತಿರಲಿಲ್ಲ. ಬಲು ಚೂಟಿ ಹುಡುಗಿ, ಮುಂದೆ ಬರುತ್ತಾಳೆ.

ನೀನು ಸಿಟ್ಟಿನಲ್ಲಿ ಬರೆದಿದ್ದೀಯ. ಸ್ವಲ್ಪ ವಿಚಾರ ಮಾಡು. ಒಂದು ಆನೆಗೆ ಎದುರು ಒಂದು ಕುದುರೆ ಉಳಿದರೆ ಆ ಆಟ ಸಾಮಾನ್ಯವಾಗಿ ಸಮವೇ. ಕುದುರೆ ತನ್ನ ರಾಜನ ಪಕ್ಕ ಬಿಡದೆ ನಿಂತರೆ ಆನೆ ಏನೂ ಮಾಡಲಾರದು. ಯಾವ ಪುಸ್ತಕ ತೆಗೆದರೂ ಇದೇ ಇದೆ. ಅಂದು ನಾಲ್ಕು ಗಂಟೆಗೆ ಸಭಾಂಗಣ ಬಿಟ್ಟುಕೊಡಬೇಕಿತ್ತು, ಶಾಮಿಯಾನದವರು ಬಾಗಿಲಲ್ಲಿ ನಿಂತಿದ್ದರು. ಹೇಗೂ ಸಮವಾಗುವ ಆಟ ಸಮವಾಯಿತು.

ಇನ್ನು ಹದಿನಾರರ ಮಾತು. ಅದು ನಾನು ಹುಟ್ಟಿಸಿದ್ದಲ್ಲ. ಕಲಿಸಿದವರು ಉಸ್ತಾದರು, ನಿಮ್ಮ ತಂದೆಯವರೇ. ಇಪ್ಪತ್ತೆರಡು ವರ್ಷದಿಂದ ದೈಹಿಕ ಶಿಕ್ಷಕನಾಗಿ ನಾನು ನಡೆಸಿದ ಪಂದ್ಯಗಳಲ್ಲೆಲ್ಲ ಅದೇ ಎಣಿಕೆ. ಯಾರೂ ಕೇಳಿಲ್ಲ.

ಕಾಗದ ಪತ್ರ ಯಾಕೆ? ಕೆಳಗೆ ಫೋನ್ ನಂಬರ್ ಕೊಟ್ಟಿದ್ದೇನೆ. ಮಾತಾಡೋಣ.

ನಿನ್ನ ಸಹೋದರ
ವಿಶ್ವರಾಧ್ಯ


ಸುರಪುರ
26 ಆಗಸ್ಟ್ 2024

ವಿಶ್ವರಾಧ್ಯ ಸರ್ ಅವರಿಗೆ,

ಫೋನ್ ಮಾಡುವುದಿಲ್ಲ. ನಾನು ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು, ನಮ್ಮ ಅಡುಗೆಯವರ ಸಂಘದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಆಫೀಸಿನವರು ಫೋನಿನಲ್ಲಿ "ಆಗಲಮ್ಮ, ನೋಡೋಣಮ್ಮ" ಅನ್ನುತ್ತಾರೆ, ನಾಳೆ ಹೋಗಿ ಕೇಳಿದರೆ "ಯಾವಾಗ ಅಂದೆ?" ಅನ್ನುತ್ತಾರೆ. ಕಾಗದ ಕೊಟ್ಟು, ಮುಟ್ಟಿತು ಅಂತ ಸಹಿ ತಗೋ ಅಂತ ಸಂಘ ಕಲಿಸಿದೆ. ಅದಕ್ಕೇ ರಿಜಿಸ್ಟರ್ ಟಪಾಲು.

ಹೇಗೂ ಸಮವಾಗುತ್ತಿತ್ತು ಅನ್ನಲು ನೀವು ಯಾರು? ನಿಮ್ಮ ಕೆಲಸ ಗಡಿಯಾರ ನೋಡುವುದು, ನಿಯಮ ನೋಡುವುದು. ಆಡುವುದು ಅವಳ ಕೆಲಸ. ನೀವು ಹೇಳಿದ ಮಾತು ಹೇಗಿದೆ ಗೊತ್ತೇ? ಕುದಿ ಬರುವ ಮೊದಲೇ ಒಲೆ ಮೇಲಿನ ಪಾತ್ರೆ ಇಳಿಸಿ, ಹೇಗೂ ಈ ಬೇಳೆ ಬೇಯುತ್ತಿರಲಿಲ್ಲ ಅಂದ ಹಾಗಿದೆ.

ಕುದುರೆ ರಾಜನ ಪಕ್ಕ ನಿಂತರೆ ಆನೆ ಗೆಲ್ಲುವುದಿಲ್ಲ, ನಿಜ. ರಾಜನನ್ನು ಬಿಟ್ಟು ದೂರ ಹೋದರೆ? ಹೋದ ಕುದುರೆಯ ದಾರಿಯನ್ನು ಆನೆ ಕತ್ತರಿಸುತ್ತದೆ, ಮರಳಿ ಬರಲು ಬಿಡುವುದಿಲ್ಲ. ಫರ್ಹೀನ್ ಕಾಯುತ್ತಿದ್ದದ್ದು ಅದಕ್ಕೆ. ಆಟದ ಹಾಳೆ ನೋಡಿ. ನೀವು ಹದಿನೈದು ಎಣಿಸುವ ಹೊತ್ತಿಗೆ ನಾಗಲಕ್ಷ್ಮಿಯ ಕುದುರೆ ಮೊದಲ ಸಲ ರಾಜನ ಪಕ್ಕ ಬಿಟ್ಟು ಹೊರಗೆ ಹಾರಿತ್ತು. ಮನೆಗೆ ಬಂದು ಹುಡುಗಿ ಹೇಳಿದ್ದು ಒಂದೇ ಮಾತು: "ಅಮ್ಮಿ, ಕುದುರಿ ಆಗ ಹೊಂಟಿತ್ತು. ಸರ್ ಕೈ ಅಡ್ಡ ಹಾಕಿದ್ರು." ಅವತ್ತು ಅವಳು ಊಟ ಮಾಡಲಿಲ್ಲ.

ನಿಯಮದ ಪುಸ್ತಕದ ಪುಟ ಜೆರಾಕ್ಸ್ ಮಾಡಿಸಿ ಈ ಕಾಗದದ ಜೊತೆ ಇಟ್ಟಿದ್ದೇನೆ. ಕೆಂಪು ಗೆರೆ ನಾನೇ ಎಳೆದಿದ್ದೇನೆ. ಓದಿ. ಬರೆದುಕೊಡಿ.

ಅಬ್ಬಾನ ಹೆಸರು ಇದರಲ್ಲಿ ತರಬೇಡಿ. ತಂದರೆ ನಾನೂ ತರುತ್ತೇನೆ.

ಅನ್ವರಬಿ


ಶಹಾಪುರ
2 ಸೆಪ್ಟೆಂಬರ್ 2024

ಸಹೋದರಿ ಅನ್ವರಬಿಗೆ,

ಪುಟ ಓದಿದೆ. ಐವತ್ತು ಎಂದೇ ಇದೆ. ನಿನ್ನ ಮುಂದೆ ಒಪ್ಪಿಕೊಳ್ಳುತ್ತೇನೆ, ನಿನ್ನ ಮುಂದೆ ಮಾತ್ರ.

ಜಿಲ್ಲಾ ಸಂಘಕ್ಕೆ ಬರೆದುಕೊಡಲು ಆಗುವುದಿಲ್ಲ. ನನ್ನ ಸ್ಥಿತಿಯನ್ನೂ ನೋಡು. ಒಂದು ಆಟ ತಪ್ಪೆಂದು ಬರೆದುಕೊಟ್ಟರೆ ಇಪ್ಪತ್ತೆರಡು ವರ್ಷದ ಆಟಗಳನ್ನೆಲ್ಲ ಜನ ಎತ್ತುತ್ತಾರೆ. ವನದುರ್ಗದಿಂದ ಕೊಡೇಕಲ್ಲಿನವರೆಗೆ ಎಷ್ಟು ಶಾಲೆಯ ಮಕ್ಕಳು ನನ್ನ ಕೈ ಕೆಳಗೆ ಆಡಿದ್ದಾರೆ. ನನ್ನನ್ನು ನೋಡಿ ನಗುತ್ತಾರೆ. ನಾಗಲಕ್ಷ್ಮಿಯ ಮನೆಯವರಿಗೆ ಏನು ಹೇಳಲಿ? ಆ ಮಗುವೂ ಮಗುವೇ.

ಒಂದು ಉಪಾಯ ಹೇಳುತ್ತೇನೆ. ಬರುವ ಬೇಸಿಗೆಯಲ್ಲಿ ಫರ್ಹೀನಳನ್ನು ಶಹಾಪುರಕ್ಕೆ ಕಳಿಸು. ಒಂದು ತಿಂಗಳು ನಾನೇ ಕಲಿಸುತ್ತೇನೆ, ನಮ್ಮ ಮನೆಯಲ್ಲೇ ಇರಲಿ. ಮುಂದಿನ ವರ್ಷ ಅವಳನ್ನು ತಡೆಯುವವರಿಲ್ಲ. ದೊಡ್ಡ ಮನಸ್ಸು ಮಾಡು.

ಇನ್ನೊಂದು ಮಾತು. ಇದು ಬಯಲಿಗೆ ಬಂದರೆ ಹದಿನಾರು ಕಲಿಸಿದವರು ಯಾರೆಂದು ಜನ ಕೇಳುತ್ತಾರೆ. ತೀರಿಹೋದ ಉಸ್ತಾದರ ಹೆಸರು ಕೆಡಿಸಲು ನನಗೆ ಮನಸ್ಸಿಲ್ಲ. ನಿನಗೂ ಇರಲಾರದು.

ವಿಶ್ವರಾಧ್ಯ


ಸುರಪುರ
5 ಸೆಪ್ಟೆಂಬರ್ 2024
ಶಿಕ್ಷಕರ ದಿನಾಚರಣೆ

ವಿಶ್ವರಾಧ್ಯ ಸರ್ ಅವರಿಗೆ,

ಈ ಹೊತ್ತು ನಿಮಗೆ ಮಕ್ಕಳು ಹೂ ಕೊಟ್ಟಿರಬೇಕು. ನಾನು ಇದನ್ನು ಕೊಡುತ್ತೇನೆ.

1990ರ ಚಳಿಗಾಲ. ನನಗೆ ಹನ್ನೆರಡು, ನಿಮಗೆ ಹದಿನಾಲ್ಕು. ಅಬ್ಬಾ ನಿಮ್ಮ ಅಂಗಡಿಯ ಕತ್ತರಿಸಿದ ಚೂರುಗಳಿಂದ ಚದುರಂಗದ ಪಟ ಹೊಲಿದಿದ್ದ. ಬಿಳಿ ಮನೆಗಳಿಗೆ ಲಾಂಗ್‌ಕ್ಲಾತು, ಕರಿ ಮನೆಗಳಿಗೆ ಕೋಟಿನ ಬಟ್ಟೆ. ಅದರ ಮೇಲೆ ನಾವಿಬ್ಬರೂ ಆಡುತ್ತಿದ್ದೆವು. ನನ್ನ ಹತ್ತಿರ ಆನೆ ಉಳಿದಿತ್ತು, ನಿಮ್ಮ ಹತ್ತಿರ ಕುದುರೆ. ನಿಮ್ಮ ಕುದುರೆ ದಾರಿ ತಪ್ಪಿ ಪಟದ ಮೂಲೆಗೆ ಹೋಗಿ ಕೂತಿತ್ತು. ನಿಮ್ಮ ರಾಜ ಆಚೆ ತುದಿಯಲ್ಲಿದ್ದ. ನೀವು ಸೋಲುವವರಿದ್ದಿರಿ.

ಆಗ ನಿಮ್ಮ ತಂದೆ ಒಳಗಿನಿಂದ ಬಂದು ನಿಂತರು. ಗಿರಾಕಿಗಳೂ ನಿಂತರು. ಸಾಹುಕಾರರು ನಗುತ್ತಲೇ ಅಂದರು: "ಹೆಣ್ ಹುಡುಗಿ ಕೈಲೆ ಸೋತಾನ ಅಂದ್ರ ನಾಳಿ ಬಜಾರದಾಗ ನನ್ನ ಮಗನ ಮಾರಿ ಹೆಂಗ ತೋರಸ್ಲಿ, ಖಾಜಾ?"

ಅಬ್ಬಾ ಸೂಜಿ ತುಟಿಯಲ್ಲಿ ಹಿಡಿದಿದ್ದ. ತೆಗೆದ. ಪಟದ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ. "ಹದಿಮೂರ ಆಗ್ಯಾವ" ಅಂದ. ಏನು ಹದಿಮೂರು ಅಂತ ನನಗೆ ತಿಳಿಯಲಿಲ್ಲ. ನಾನು ಆಡಿದೆ, "ಹದಿನಾಲ್ಕು" ಅಂದ. ಮತ್ತೆ ಆಡಿದೆ, "ಹದಿನೈದು" ಅಂದ. ಹದಿನಾರು ಆದ ಮೇಲೆ ಕೈ ಚಾಚಿ, ಕಾಯಿ ಒಳಗಿರುವಂತೆಯೇ ಪಟ ಮಡಚಿದ. "ಬಾಜಿ ಬರಾಬರ್, ಇಬ್ಬರದೂ ಸಮ. ಏಳ್ರಿ ಇನ್ನ." ಸಾಹುಕಾರರು ಬೆನ್ನು ತಟ್ಟಿ ಒಳಗೆ ಹೋದರು.

ಹದಿನಾರರ ಎಣಿಕೆ ಹಳೆಯ ಆಟದಲ್ಲಿತ್ತು, ಹೌದು. ಒಬ್ಬನ ಎಲ್ಲ ಕಾಯಿ ಹೋಗಿ ರಾಜ ಒಬ್ಬನೇ ಉಳಿದಾಗ. ಕುದುರೆ ಜೀವಂತ ಇರುವಾಗ ಎಣಿಸುವುದು ಯಾವ ಊರಲ್ಲೂ ಇರಲಿಲ್ಲ. ಅವತ್ತು ಅಬ್ಬಾ ಹುಟ್ಟಿಸಿದ. ನಿಮ್ಮ ಕಟ್ಟೆ ಮೇಲಿನ ತನ್ನ ಮಿಷನ್ನಿನ ಜಾಗ ಉಳಿಸಿಕೊಳ್ಳಲು ಹುಟ್ಟಿಸಿದ. ಮಗಳ ಗೆಲುವು ತೆಗೆದು ಸಾಹುಕಾರನ ಮಗನಿಗೆ ಉಡಿಸಿದ.

ಆ ಸುಳ್ಳನ್ನು ನೀವು ನಿಯಮ ಅಂತ ಮನೆಗೆ ಒಯ್ದಿರಿ. ಮೂವತ್ತನಾಲ್ಕು ವರ್ಷ ಜೋಪಾನ ಮಾಡಿದಿರಿ. ಸೀಟಿ ಕೊರಳಿಗೆ ಹಾಕಿಕೊಂಡು ಊರೂರಿನ ಮಕ್ಕಳಿಗೆ ಹಂಚಿದಿರಿ. ಕೊನೆಗೆ ನನ್ನ ಮಗಳ ಮೇಜಿಗೇ ಬಂದು ಎಣಿಸಿದಿರಿ.

ಮುಂದೆ ಬಂದ ರಂಜಾನ್ ಹಬ್ಬಕ್ಕೆ ಅಬ್ಬಾ ನನಗೆ ಹಸಿರು ಅಂಗಿ ಹೊಲಿದ. ನಾನು ಹಾಕಿಕೊಳ್ಳಲಿಲ್ಲ. ಆಮೇಲೆ ಅವನ ಎದುರು ಒಂದು ದಿನವೂ ಆಡಲಿಲ್ಲ. ಸಾಯುವವರೆಗೂ ಅವನು ಪಟ ಹಾಸಿಕೊಂಡು ಎರಡೂ ಕಡೆಯ ಕಾಯಿ ತಾನೇ ನಡೆಸುತ್ತಿದ್ದ. ನಾನು ಒಲೆ ಮುಂದೆ ಕೂತು ನೋಡುತ್ತಿದ್ದೆ. ಅವನು ಮಾಫಿ ಕೇಳಲಿಲ್ಲ. ನಾನೂ ಕೊಡಲಿಲ್ಲ. ಅವನ ಹೆಸರು ಕೆಡುತ್ತದೆ ಅಂತ ನೀವು ನನ್ನನ್ನು ಹೆದರಿಸುತ್ತೀರಾ? ಕೆಡಲಿ. ಅವನ ಹೆಸರಿಗಿಂತ ನನ್ನ ಮಗಳ ಆಟ ದೊಡ್ಡದು.

ಹದಿನೈದು ದಿನ ಉಳಿದಿವೆ.

ಅನ್ವರಬಿ


ಶಹಾಪುರ
12 ಸೆಪ್ಟೆಂಬರ್ 2024

ಅನ್ವರಬಿಯವರಿಗೆ,

ಇಂದು ಯಾದಗಿರಿಗೆ ಹೋಗಿ ಬರೆದುಕೊಟ್ಟು ಬಂದೆ. ನಕಲು ಇದರೊಂದಿಗಿದೆ. ಮುಟ್ಟಿದ ಬಗ್ಗೆ ಸಹಿ, ಮುದ್ರೆ ಹಾಕಿಸಿದ್ದೇನೆ. ಹದಿನೈದನೆಯ ತಾರೀಖು ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಿಲ್ಲಿಸಿದ ಜಾಗದಿಂದ ಆಟ. ತೀರ್ಪಿಗೆ ಬೇರೆಯವರು ಇರುತ್ತಾರೆ. ನಾನು ಬರುವುದಿಲ್ಲ.

ವಿಶ್ವರಾಧ್ಯ


ಸುರಪುರ
17 ಸೆಪ್ಟೆಂಬರ್ 2024

ವಿಶ್ವರಾಧ್ಯ ಸರ್‌ಗೆ,

ಇವತ್ತು ಕಲ್ಯಾಣ ಕರ್ನಾಟಕ ಉತ್ಸವ, ಶಾಲೆಯಲ್ಲಿ ಧ್ವಜ ಹಾರಿಸಿ ಬೇಗ ಬಿಟ್ಟರು. ಅಮ್ಮಿ ಮನೆಯಲ್ಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅಮ್ಮಿಗೆ ಕೇಳಿಲ್ಲ.

ಭಾನುವಾರದ ಆಟ ಸಮ ಆಯಿತು. ನಿಮಗೆ ಇಷ್ಟೊತ್ತಿಗೆ ಗೊತ್ತಾಗಿರಬೇಕು. ನೀವು ಎಣಿಸಿದ ಹದಿನಾರರ ಮೇಲೆ ಇನ್ನೂ ಮೂವತ್ತನಾಲ್ಕು ಆಡಿದೆವು. ಐವತ್ತಾದಾಗ ನಾಗಲಕ್ಷ್ಮಿ ಕೈ ಎತ್ತಿದಳು. ಹೊಸ ಸರ್ ಹಾಳೆ ಎರಡು ಸಲ ಎಣಿಸಿ ಸಮ ಅಂದರು. ರಾಜ್ಯಕ್ಕೆ ಅವಳೇ ಹೋಗುತ್ತಾಳೆ.

ಹೊರಗಿದ್ದ ಆ ಕುದುರೆ ನಾಲ್ಕೇ ನಡೆಯಲ್ಲಿ ರಾಜನ ಹತ್ತಿರ ವಾಪಸು ಬಂತು. ಮತ್ತೆ ಮೂವತ್ತೊಂದನೆಯ ನಡೆಗೆ ಇನ್ನೂ ದೂರ ಹೋಯಿತು. ಆಗ ನಾನು ಸುಮ್ಮನೆ ನನ್ನ ರಾಜನನ್ನು ಒಂದು ಮನೆ ಮುಂದೆ ಇಡಬೇಕಿತ್ತು. ಆತುರಪಟ್ಟು ಆನೆಯಿಂದ ಚೆಕ್ ಕೊಟ್ಟೆ. ಅವಳ ರಾಜ ಕುದುರೆಯ ಕಡೆಗೇ ಸರಿದ. ಮುಗಿಯಿತು. ಮನೆಗೆ ಬಂದು ಅಜ್ಜನ ಪಟದ ಮೇಲೆ ಇಟ್ಟು ನೋಡಿದೆ, ಗೆಲುವಿತ್ತು. ತಪ್ಪು ಮಾಡಿದವಳು ನಾನೇ. ಮೊದಲು ನನಗೆ ತಪ್ಪು ಮಾಡುವುದಕ್ಕೂ ನೀವು ಬಿಟ್ಟಿರಲಿಲ್ಲ.

ಬಸ್ ನಿಲ್ದಾಣದಲ್ಲಿ ನಾಗಲಕ್ಷ್ಮಿ ಬಂದು ಪಕ್ಕ ಕೂತಳು. "ಐವತ್ತಂತ ನನಗೂ ಗೊತ್ತಿತ್ತಲೇ. ಸರ್ ಅಂದ್ರಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ. ಇವತ್ತ ಸಮ ಮಾಡಿದ್ದು ನಾನು, ಅವತ್ತ ಮಾಡಿದ್ದು ಅವರು" ಅಂದಳು. ಶೇಂಗಾ ಕೊಡಿಸಿದಳು. ತಿಂದೆ.

ಸಮ ಆಯಿತು ಅಂತ ನೀವು ಸರಿ ಆಗುವುದಿಲ್ಲ ಸರ್. ಅಷ್ಟು ಹೇಳಲು ಬರೆದೆ.

ಫರ್ಹೀನ್
ಒಂಬತ್ತನೆಯ ತರಗತಿ


ಶಹಾಪುರ
28 ಸೆಪ್ಟೆಂಬರ್ 2024

ಸಹೋದರಿ ಅನ್ವರಬಿಗೆ,

ಶರಣು. ಫರ್ಹೀನ್ ಪತ್ರ ಬರೆದಿದ್ದಳು. ಧೈರ್ಯದ ಹುಡುಗಿ, ನಿನ್ನ ಹಾಗೇ.

ನೋಡು, ನಾನು ಬರೆದುಕೊಟ್ಟೆ, ಆಟವೂ ಆಯಿತು. ಕೊನೆಗೆ ಸಮವೇ ಆಯಿತು. ನಾನು ಮೊದಲೇ ಹೇಳಿದ್ದೆ. ಹಾಗೆ ನೋಡಿದರೆ ನಿಯಮದಲ್ಲಿ ನೀನು ಸರಿ, ಆಟದಲ್ಲಿ ನಾನೂ ತಪ್ಪಲ್ಲ. ನಿನ್ನ ಮನಸ್ಸು ಹಗುರಾಗಿರಬೇಕು. ಹಳೆಯದನ್ನು ಇನ್ನು ಬಿಟ್ಟುಬಿಡೋಣ. ಆಗ ನಾವು ಮಕ್ಕಳು. ದೊಡ್ಡವರು ತಮಗೆ ತಿಳಿದಂತೆ ಮಾಡಿದರು, ಈಗ ಇಬ್ಬರೂ ಇಲ್ಲ. ನಮ್ಮಿಬ್ಬರದೂ ಬರಾಬರ್ ಎಂದು ತಿಳಿ.

ವಿಶ್ವರಾಧ್ಯ


ಸುರಪುರ
4 ಅಕ್ಟೋಬರ್ 2024

ವಿಶ್ವರಾಧ್ಯ,

ಸರ್ ಅನ್ನುವುದು, ನೀವು ಅನ್ನುವುದು ಇಲ್ಲಿಗೆ ಸಾಕು. ಕಟ್ಟೆ ಮೇಲೆ ಆಡುವಾಗ ನೀನು ನನಗೆ ಅನು ಅನ್ನುತ್ತಿದ್ದೆ. ನಾನು ನಿನಗೆ ವಿಶ್ಯಾ ಅನ್ನುತ್ತಿದ್ದೆ. ಆಟದಲ್ಲಿ ಇಬ್ಬರೂ ಒಂದೇ ಎತ್ತರದ ಮೇಲೆ ಕೂತಿದ್ದೆವು. ನಿಮ್ಮಪ್ಪ ಬಂದು ನಿಂತ ಮೇಲೆ ನಾನು ಕೆಳಗೆ ಇಳಿದದ್ದು. ಈಗ ಮತ್ತೆ ಏರುತ್ತೇನೆ.

ಬರಾಬರ್ ಅಂತ ಬರೆದಿದ್ದೀಯ. ಯಾವ ಬಾಯಲ್ಲಿ? ಸಮ ಮಾಡಿಕೊಂಡಿದ್ದು ಫರ್ಹೀನ್ ಮತ್ತು ನಾಗಲಕ್ಷ್ಮಿ, ಆಡಿ, ಬೆವತು, ಐವತ್ತು ಎಣಿಸಿ. ಅವರ ಸಮದಲ್ಲಿ ನಿನಗೆ ಪಾಲಿಲ್ಲ. ನಿನ್ನದು ನನ್ನದು ಇನ್ನೂ ಮುಗಿದಿಲ್ಲ.

ಮೂವತ್ತನಾಲ್ಕು ವರ್ಷ ಆ ಪಟ ನನ್ನ ಕಣ್ಣ ಮುಂದಿದೆ. ಅನ್ನ ಬಸಿಯುವಾಗ ಇದೆ, ಮೆರವಣಿಗೆಯಲ್ಲಿ ಘೋಷಣೆ ಕೂಗುವಾಗ ಇದೆ. ನಿನ್ನ ಕುದುರೆ ಮೂಲೆಯ ಮನೆಯಲ್ಲಿದೆ. ಕುದುರೆ ಎರಡೂವರೆ ಮನೆ ಹಾರುತ್ತದೆ ಅಂತ ಅಬ್ಬಾ ಕಲಿಸಿದ್ದನಲ್ಲ, ಎಣಿಸಿ ನೋಡು. ಮೂಲೆಯಿಂದ ಹೊರಗೆ ಬರಲು ಅದಕ್ಕೆ ಎರಡೇ ಮನೆ. ಒಂದನ್ನು ನನ್ನ ರಾಜ ಕಾಯುತ್ತಿದ್ದಾನೆ. ಇನ್ನೊಂದು ಬಿಟ್ಟಿತ್ತು. ಅಬ್ಬಾ ಪಟ ಮಡಚಿದಾಗ ಆನೆ ನನ್ನ ಬೆರಳ ಸಂದಿಯಲ್ಲಿತ್ತು. ಅದನ್ನು ಆ ಎರಡನೆಯ ಮನೆಯ ಸಾಲಿಗೆ ಇಡುವವಳಿದ್ದೆ.

ಈಗ ಇಡುತ್ತಿದ್ದೇನೆ. ಇದು ನನ್ನ ಹದಿನೇಳನೆಯ ನಡೆ.

ನಿನ್ನ ಸರದಿ. ಜವಾಬು ಕಾಗದದಲ್ಲೇ ಬರಲಿ.

ಅನ್ವರಬಿ


ಶಹಾಪುರ
19 ನವೆಂಬರ್ 2024

ಅನು,

ಒಂದೂವರೆ ತಿಂಗಳು ತಡವಾಯಿತು. ನೀನು ಬರೆದಂತೆ ನನ್ನ ಪಟದ ಮೇಲೆ ಕಾಯಿ ಇಟ್ಟಿದ್ದೆ. ಕಸ ಗುಡಿಸಲು ಬಂದವರಿಗೆ ಮುಟ್ಟಬೇಡಿ ಎಂದಿದ್ದೆ.

ಕುದುರೆಗೆ ಮನೆಯಿಲ್ಲ. ಎಲ್ಲಿ ಹಾರಿದರೂ ನೀನು ಹೊಡೆಯುತ್ತೀಯ. ಹಾರದೆ ಕೂತರೂ ಆನೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಸೋತೆ.

ಇನ್ನೊಂದು ಮಾತು ಬರೆಯಬೇಕು. ಉಸ್ತಾದರು ಹದಿಮೂರು ಎಂದಾಗಲೇ ನನಗೆ ಅದು ಸುಳ್ಳೆಂದು ಗೊತ್ತಾಗಿತ್ತು. ಕುದುರೆ ಹೋಗುತ್ತದೆಂದೂ ಗೊತ್ತಿತ್ತು. ಅಪ್ಪನ ಕಾಲು ನನ್ನ ಬೆನ್ನಿಗೆ ತಾಗಿ ನಿಂತಿತ್ತು. ಆ ಎಣಿಕೆ ನನ್ನನ್ನು ಉಳಿಸಿತು, ನಾನು ಉಳಿದುಕೊಂಡೆ. ಮುಂದೆ ಮೊದಲ ಸಲ ನನ್ನ ಕೈಗೆ ತೀರ್ಪು ಬಂದಾಗ ಅದನ್ನೇ ಎಣಿಸಿದೆ. ಅದು ನಿಯಮವಾದರೆ ನಾನು ಅವತ್ತು ಸೋತವನಲ್ಲ ಎಂದಾಗುತ್ತಿತ್ತು. ಎಷ್ಟು ಸಲ ಎಣಿಸಿದೆನೋ ಅಷ್ಟು ಸಲ ಗಟ್ಟಿಯಾಯಿತು.

ತೀರ್ಪುಗಾರಿಕೆ ಬಿಟ್ಟೆ. ಹಾಗೆ ನಿಲ್ಲಿಸಿದ ಆಟಗಳಲ್ಲಿ ನೆನಪಾದವು ಹನ್ನೊಂದು. ಬರೆದು ಜಿಲ್ಲಾ ಸಂಘಕ್ಕೆ ಕೊಟ್ಟಿದ್ದೇನೆ. ಪಟ್ಟಿಯ ಮೊದಲ ಸಾಲು: 1990, ಸುರಪುರ, ಬಟ್ಟೆ ಅಂಗಡಿ ಕಟ್ಟೆ. ಗೆದ್ದವಳು ಅನ್ವರಬಿ. ಉಳಿದವರಿಗೆ ಕಾರ್ಡು ಹಾಕುತ್ತಿದ್ದೇನೆ. ಮೂವರ ವಿಳಾಸ ಸಿಕ್ಕಿಲ್ಲ. ಅದರಲ್ಲೊಬ್ಬಳು ಕೆಂಭಾವಿಯ ಕರೆಮ್ಮ, 2009ರಲ್ಲಿ ಏಳನೆಯ ತರಗತಿ. ಅವಳದೂ ಆನೆ, ಎದುರಿನವನದು ಕುದುರೆ. ಶಾಲೆ ಬಿಟ್ಟಳೆಂದು ಕೇಳಿದೆ.

ವಿಶ್ಯಾ


ಸುರಪುರ
27 ನವೆಂಬರ್ 2024

ವಿಶ್ಯಾ,

ಕಾಗದ ಮುಟ್ಟಿತು. ಮಾಫಿ ಅಂತ ನೀನು ಬರೆದಿಲ್ಲ, ಒಳ್ಳೆಯದಾಯಿತು. ಬರೆದಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ. ಅಬ್ಬಾನಿಗೇ ಕೊಡದೆ ಇಟ್ಟುಕೊಂಡಿದ್ದೇನೆ.

ಕರೆಮ್ಮನ ವಿಳಾಸ ಸಿಕ್ಕಿಲ್ಲ ಅಂದೆಯಲ್ಲ. ನೀನು ಹುಡುಕಿಲ್ಲ. ಕೆಂಭಾವಿಯ ಸಂತೆಯಲ್ಲಿ ಒಣ ಮೆಣಸಿನಕಾಯಿ ಸಾಲಿನ ಕೊನೆಗೆ ತಕ್ಕಡಿ ಹಿಡಿದು ಕೂರುತ್ತಾಳೆ. ಹೋದ ವಾರ ನಾನೂ ಫರ್ಹೀನೂ ಹೋಗಿದ್ದೆವು. ನಿನ್ನ ಹೆಸರು ಹೇಳಿದೆ, ಅವಳು ತಕ್ಕಡಿ ಕೆಳಗಿಟ್ಟಳು. ಆ ವರ್ಷ ತಾಲೂಕಿಗೆ ಹೋಗಿದ್ದರೆ ಹಾಸ್ಟೆಲ್ ಸಿಗುತ್ತಿತ್ತಂತೆ. ಹಾಸ್ಟೆಲ್ ಇಲ್ಲ, ಶಾಲೆಯೂ ಇಲ್ಲ. ಅತ್ತಳೆಂದು ತಿಳಿಯಬೇಡ. ಚೀಲದ ಮೇಲೆ ಬೆರಳಿನಿಂದ ಗೆರೆ ಎಳೆದು, ಮೆಣಸಿನಕಾಯಿ ಇಟ್ಟು ತೋರಿಸಿದಳು.

"ಆನಿ ಇಲ್ಲಿತ್ತು, ಕುದುರಿ ಇಲ್ಲಿತ್ತು. ಎಲ್ಲಾ ನೆನಪದ ಅಕ್ಕಾ. ಸರ್‌ಗೆ ಕಾರ್ಡ್ ಹಾಕಬ್ಯಾಡ ಅನ್ನು. ಬರಾಕ ಹೇಳು, ಮುಂದ ಕುಂದರ್ಲಿ. ನಾ ಇನ್ನಾ ಆಡೂದದ."

ಹೋಗು. ಪಟ ನೀನೇ ತಗೊಂಡು ಹೋಗು. ಕುದುರೆ ಕಡೆ ಕೂತುಕೋ. ಎಣಿಸಬೇಡ.

ಅನ್ವರಬಿ